ಒಂದು ಗಾಲಿ ಗಾಳಿಯಲ್ಲಿ, ಪಾಯಸ ನೆಲದಲ್ಲಿ

ಗಾಡಿಯ ಎರಡು ಹಿಂದಿನ ಗಾಲಿಗಳಿಗೆ ಓಟ ಹಂಚುವ ಡಿಫರೆನ್ಷಿಯಲ್ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ಮುಂಬಯಿಯಲ್ಲಿ ಇಲ್ಲವೆಂದು ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತರವರೆಗೂ ನಂಬಿದ್ದೆ.

ಗ್ರಾಂಟ್ ರೋಡಿನಲ್ಲಿ ನನ್ನದೊಂದು ಉಡುಪಿ ಹೋಟೆಲು. ಹೆಂಡತಿ ಸುಮತಿಯ ಅಣ್ಣನ ಮಗಳ ನಿಶ್ಚಿತಾರ್ಥ ವಿಕ್ರೋಳಿಯ ಹಾಲ್‌ನಲ್ಲಿ, ಊಟ ನಮ್ಮದು. "ನನ್ನ ಪಾಯಸ ಉಂಡು ಬೀಗರು ಕೈ ನೆಕ್ಕಬೇಕು, ನೋಡಿ!" ಎಂದು ಭಾವನ ಎದುರು ಕೊಚ್ಚಿಕೊಂಡಿದ್ದೆ. ಈ ಭಾವ ಇಪ್ಪತ್ತು ವರ್ಷಗಳಿಂದ ನನ್ನ ಯಾವ ಕೆಲಸವನ್ನೂ ಹೊಗಳಿದವರಲ್ಲ. ಈ ಸಲ ಹೊಗಳಿಸಿಯೇ ಸೈ ಎಂದು ಹೊರಟಿದ್ದೆ.

ಹೊಸದಾಗಿ ಕೊಂಡ ಭಾರೀ ಪಿಕಪ್ ಟ್ರಕ್ಕಿನಲ್ಲಿ ಊಟ ಬಂತು. ಎಂಥ ಏರನ್ನೂ ಉಸಿರುಗಟ್ಟದೆ ಹತ್ತುವ ಗಾಡಿ. ಆದರೆ ದಾರಿಯುದ್ದಕ್ಕೂ ಹಿಂದಿನ ಎಡಗಾಲಿಯ ಹತ್ತಿರ ಕಿರ್ ಕಿರ್ ಸದ್ದು. ವಿಜಯಪುರದ ಡ್ರೈವರ್ ದಸ್ತಗೀರ್ ಹಾಲ್ ಎದುರು ಗಾಡಿ ನಿಲ್ಲಿಸಿ, "ಅಣ್ಣಾರ, ಚಾ ಕುಡದ್ ಬಂದು ನೋಡ್ತೀನ್ರಿ. ನೀವು ಮುಟ್ಟಬ್ಯಾಡ್ರಿ. ಇದರಾಗ ಲಿಮಿಟೆಡ್ ಸ್ಲಿಪ್ ಐತಿ" ಎಂದು ಹೋದ.

ಮುಟ್ಟಬಾರದಂತೆ! ಮಾಲೀಕನೇ ಮುಟ್ಟಬಾರದಂತೆ!

ನನ್ನ ಹಳೆಯ ಟೆಂಪೋ ಕುರ್ಲಾದ ಕೆಸರಿನಲ್ಲಿ ಸಿಕ್ಕಿಕೊಂಡಾಗ ಕಣ್ಣಾರೆ ಕಂಡಿದ್ದೆ. ಕೆಸರಿನಲ್ಲಿದ್ದ ಗಾಲಿ ಗಿರಗಿರ ತಿರುಗಿತ್ತು; ಗಟ್ಟಿ ನೆಲದ ಮೇಲಿದ್ದ ಗಾಲಿ ಕದಲಲೇ ಇಲ್ಲ. ಯಾವ ಗಾಲಿ ಸುಲಭವಾಗಿ ತಿರುಗುತ್ತದೋ ಎಂಜಿನ್ನಿನ ಓಟವೆಲ್ಲ ಅದಕ್ಕೇ ಹೋಗುತ್ತದೆ. ಅಂದಮೇಲೆ ಒಂದು ಗಾಲಿಯನ್ನು ಜ್ಯಾಕ್ ಕೊಟ್ಟು ಎತ್ತಿ ಗೇರ್ ಹಾಕಿದರೆ ಅದೊಂದೇ ತಿರುಗಬೇಕು, ಗಾಡಿ ನಿಂತಲ್ಲೇ ನಿಲ್ಲಬೇಕು, ಸದ್ದಿನ ಮೂಲ ಪತ್ತೆಯಾಗಬೇಕು. ಎತ್ತಿದೆ.

ಸುಮತಿ ಓಡಿ ಬಂದಳು. "ಎಂತ ಮಾರಾಯ್ರೆ ಇದು? ಪಾಯಸದ ಹಂಡೆ ಇನ್ನೂ ಗಾಡಿಯಲ್ಲೇ ಉಂಟು!"

"ಗಾಡಿ ಒಂದಿಂಚು ಕದಲುವುದಿಲ್ಲ, ನೀನು ನೋಡ್ತಾ ಇರು" ಎಂದು ಸೀಟಿಗೆ ಹತ್ತಿ ಗೇರ್ ಹಾಕಿ ಕ್ಲಚ್ ಬಿಟ್ಟೆ.

ಸುಮತಿ ನೋಡಿದಳು. ಎಲ್ಲರೂ ನೋಡಿದರು!

ಗಾಡಿ ಜ್ಯಾಕಿನಿಂದ ಜಾರಿ ಧಡ್ ಎಂದು ಬಿದ್ದು, ಮುಂದಕ್ಕೆ ನೆಗೆದು, ಬಾಗಿಲಿನ ಹೂವಿನ ಕಮಾನನ್ನು ಕೊರಳಿಗೆ ಹಾಕಿಕೊಂಡು ನಿಂತಿತು. ಹಿಂದೆ ಹಂಡೆ ಮಗುಚಿತು. ಸರಿಯಾಗಿ ಆಗಲೇ ಬೀಗರು ಕಾರಿನಿಂದ ಇಳಿದರು. ಪಾಯಸ ಹರಿದು ಹೋಗಿ ಅವರ ಪಾದ ಸೇರಿತು.

ದಸ್ತಗೀರ್ ಚಾದ ಗ್ಲಾಸ್ ಹಿಡಿದುಕೊಂಡೇ ಓಡಿ ಬಂದ. "ಅಣ್ಣಾರ, ಇದರ ಹೊಟ್ಟ್ಯಾಗ ಕ್ಲಚ್ ಪ್ಲೇಟ್ ಅದಾವ್ರಿ! ಒಂದು ಗಾಲಿ ಸುಮ್ಮ ತಿರಗಾಕ ಹತ್ತಿದ್ರ ಪ್ಲೇಟ್ ಒತ್ತಿ ಹಿಡದು, ನೆಲದ ಮ್ಯಾಲಿನ ಗಾಲಿಗೂ ಜೋರ್ ಕೊಡ್ತಾವ. ಅದಕ್ಕ ಮುಟ್ಟಬ್ಯಾಡ್ರಿ ಅಂದಿದ್ದು!"

"ಬಿಡಿಸಿ ಹೇಳಬಾರದಿತ್ತೇನೋ?"

"ಮುಟ್ಟಬ್ಯಾಡ್ರಿ ಅನ್ನೂದನ್ನ ಹೆಂಗ್ ಬಿಡಸ್ಲಿರೀ?"

ಬಗ್ಗಿ ನೋಡಿ, ಮಡ್‌ಗಾರ್ಡಿನ ಸಂದಿಯಿಂದ ಏನನ್ನೋ ಎಳೆದು ನನ್ನ ಕೈಗಿತ್ತ. ಕಿರ್ ಕಿರ್ ಎನ್ನುತ್ತಿದ್ದುದು ಅದೇ. ಬೆಳಿಗ್ಗೆ ಹಂಡೆ ಏರಿಸುವಾಗ ಜಾರಿ ಸಿಕ್ಕಿಕೊಂಡಿದ್ದ ನನ್ನ ಪಾಯಸದ ಸೌಟು!

ಭಾವ ಪಕ್ಕದ ಅಂಗಡಿಯಿಂದ ಐಸ್‌ಕ್ರೀಮ್ ತರಿಸಿ ಮಾನ ಉಳಿಸಿದರು. ಊಟ ಮುಗಿದ ಮೇಲೆ ನೇರ ನನ್ನ ಬಳಿಗೆ ಬಂದು ಬೆನ್ನು ತಟ್ಟಿದರು. ಇಪ್ಪತ್ತು ವರ್ಷಗಳ ನನ್ನ ಆಸೆ ಅಂತೂ ಈಡೇರಿತು.

"ಬೀಗರ ಕಾಲು ತೊಳೆಯುವುದರಲ್ಲಿ ಮಾತ್ರ ನಿಮ್ಮನ್ನು ಮೀರಿಸುವವರಿಲ್ಲ ಮಾರಾಯ್ರೆ!"

ನಾನು ಸೌಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.