ಮೂರು ಕಾರ್ಡು ಮತ್ತು ಕಸದ ಗಾಡಿ

“ಮೂರು ಕಾರ್ಡು ಕಲಿತರೆ ಸಾವಿರ ಹಾಡು ನುಡಿಸಬಹುದು” ಎಂಬುದು ಗಿಟಾರು ಹಿಡಿದವರೆಲ್ಲ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಬಂದಿರುವ ಮಾತು. ಕಾರ್ಡು ಎಂದರೆ ಹಲವು ತಂತಿಗಳನ್ನು ಬೇರೆ ಬೇರೆ ಕಡೆ ಅದುಮಿ ಒಟ್ಟಿಗೆ ಮೀಟುವುದು. ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪುವ ಅಭ್ಯಾಸ ನನಗಿಲ್ಲ. ಶಾಲೆಗಿಂತ ಹೆಚ್ಚಾಗಿ ಗ್ರಂಥಾಲಯದಲ್ಲಿ ಕಲಿತವರಿಗೆ ಈ ರೋಗ ಸಾಮಾನ್ಯ. ಆದ್ದರಿಂದ ನಿವೃತ್ತನಾದ ಮೇಲೆ ಯಶವಂತಪುರದಲ್ಲಿ ಒಂದು ಗಿಟಾರು ಕೊಂಡು, ಆರ್.ಟಿ. ನಗರದ ತರುಣ ಗುರು ಡೇವಿಡ್ ಅವರಲ್ಲಿ ಶಿಷ್ಯನಾಗಿ, ಆ ಮೂರನ್ನೂ ಕಲಿತೆ. ಮೂರು ಬಂದವು. ಸಾವಿರ ಮಾತ್ರ ಹೆಬ್ಬಾಳದ ಮೇಲ್ಸೇತುವೆಯ ಮೇಲೆಲ್ಲೋ ಸಿಕ್ಕಿಹಾಕಿಕೊಂಡಿರಬೇಕು, ಇಂದಿಗೂ ಬಂದಿಲ್ಲ.

“ಸರ್, ನೀವು ಎಂಜಾಯ್ ಮಾಡೋ ಹಾಡು ಹುಡುಕ್ಕೊಳ್ಳಿ. ಬೆರಳು ತಾನಾಗೇ ಓಡುತ್ತೆ” ಎಂದರು ಡೇವಿಡ್. ಹುಡುಕಿದೆ. ಹೊಸಬರಿಗೆಂದು ಯೂಟ್ಯೂಬಿನಲ್ಲಿ ಇಟ್ಟಿರುವ ಹಾಡುಗಳಲ್ಲಿ ಬಹುಪಾಲು ಪ್ರೇಯಸಿ ಕೈಕೊಟ್ಟವರವು. ನನ್ನ ಶಾರದೆ ಮದುವೆಯಾದಂದಿನಿಂದ ನನ್ನನ್ನು ಒಂದು ಗಳಿಗೆಯೂ ಕೈಬಿಟ್ಟವಳಲ್ಲ. ಆ ವಿರಹವನ್ನು ಎಲ್ಲಿಂದ ತರಲಿ? ಉಳಿದವು ಧ್ಯಾನಕ್ಕೆಂದು ರಚಿಸಿದವು. ಅವುಗಳಲ್ಲಿ ಎರಡನೆಯ ಸಾಲು ಹೇಗಿರುತ್ತದೆಂದು ನನಗೆ ತಿಳಿಯದು, ಅಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು.

ಕೊನೆಗೆ ಶಾರದೆಯ ತಾಳ್ಮೆ ಮುಗಿಯಿತು. “ನೋಡ್ರೀ, ಯುಗಾದಿ ಒಳಗೆ ಒಂದಾದ್ರೂ ಇದು ಇಂಥಾ ಹಾಡು ಅಂತ ನಂಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ಗಿಟಾರು ಅಟ್ಟಕ್ಕೆ.” ಅಟ್ಟದಲ್ಲಿ ಈಗಾಗಲೇ ನನ್ನ ಹೋಮಿಯೋಪತಿ ಪೆಟ್ಟಿಗೆಯೂ ಜೇನು ಸಾಕಣೆಯ ಮುಖಪರದೆಯೂ ವಿಶ್ರಮಿಸುತ್ತಿವೆ. ಅಲ್ಲಿಗೆ ಏರಿದ್ದು ಮರಳಿ ಇಳಿದ ಇತಿಹಾಸ ನಮ್ಮ ಮನೆಯಲ್ಲಿಲ್ಲ.

ಆಗ ನಾನು ಮೊದಲಿನಿಂದ ಯೋಚಿಸಿದೆ. ಕಲಿಯಬೇಕಾದದ್ದು ಕಿವಿಗೆ ಆಗಲೇ ಬಾಯಿಪಾಠವಾಗಿರುವ ರಾಗವನ್ನಲ್ಲವೇ? ವಿದ್ಯಾರಣ್ಯಪುರದಲ್ಲಿ ವರ್ಷಗಳಿಂದ ನಾನು ತಪ್ಪದೆ ಕೇಳಿರುವ ರಾಗ ಒಂದೇ, ಬೆಳಗಿನ ಕಸದ ಗಾಡಿಯದು. ಬಕೆಟ್ ತುಂಬಿ ಕುಳಿತ ಗೃಹಸ್ಥನಿಗೆ ಅದಕ್ಕಿಂತ ಇಂಪಾದ ಸಂಗೀತ ಯಾವುದಿದೆ? ಅದರ ಧ್ವನಿವರ್ಧಕ ಅರ್ಧ ಸ್ವರಗಳನ್ನು ನುಂಗುತ್ತದೆ, ನಾನೂ ನುಂಗುತ್ತೇನೆ. ಕಾರ್ಡುಗಳ ಹಂಗಿಲ್ಲ, ಒಂದೇ ತಂತಿ ಸಾಕು.

“ಸರ್, ಅದು ಕಸದ ಗಾಡಿ ಹಾಡು” ಎಂದು ಡೇವಿಡ್ ಮೆಲ್ಲಗೆ ನೆನಪಿಸಿದರು.

“ಎಂಜಾಯ್ ಮಾಡೋದು ಅಂದ್ರಲ್ಲ ಗುರುಗಳೇ, ಮಾಡ್ತಾ ಇದೀನಿ” ಎಂದೆ.

ಯುಗಾದಿಗೆ ಮುಂಚಿನ ವಾರ. ಇಡೀ ಬೀದಿ ಮನೆ ತೊಳೆದು, ಧೂಳು ಹೊಡೆದು, ಕಸದ ರಾಶಿಯ ಮುಂದೆ ಗಾಡಿಗಾಗಿ ಕಾಯುತ್ತಿತ್ತು. ನಾನು ಜಗಲಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ರಾಗವನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲಿಸದೆ ನುಡಿಸಿದೆ. ಕಣ್ಣು ತೆರೆದಾಗ ಪಕ್ಕದ ಮನೆಯ ನಸೀಮಾ ಬೇಗಂ ಹಸಿಕಸದ ಬಕೆಟ್ ಹಿಡಿದು, ದುಪಟ್ಟಾ ಸರಿಪಡಿಸಿಕೊಳ್ಳುತ್ತ ಗೇಟಿನಲ್ಲಿದ್ದರು. ಮಹಡಿಯಲ್ಲಿ ಬಾಡಿಗೆಗಿರುವ ಧಾರವಾಡದ ಬಸವರಾಜ ಎರಡು ಮೂಟೆ ಹೊತ್ತು ಮೆಟ್ಟಿಲಿಳಿದಿದ್ದ.

“ಗಾಡಿ ಎಲ್ಲೈತ್ರಿ?” ಎಂದ ಬಸವರಾಜ.

“ಹಾಡು ಬಂತು, ಗಾಡಿ ಬಂದಿಲ್ಲ. ಏನ್ ಅಂಕಲ್ ಇದು?” ಎಂದು ನಸೀಮಾ ಬೇಗಂ ನನ್ನ ತೊಡೆಯ ಮೇಲಿದ್ದ ಗಿಟಾರನ್ನು ನೋಡಿದರು. ನೋಡುತ್ತಲೇ ಇದ್ದರು. “ನೀವಾ?”

ಯಾವ ಸಭೆಯ ಚಪ್ಪಾಳೆಯೂ ಆ ಎರಡಕ್ಷರಕ್ಕೆ ಸಮನಲ್ಲ. ಹಿಂದೆ ತಿರುಗಿದರೆ ಬಾಗಿಲಲ್ಲಿ ಶಾರದೆ, ಅವಳ ಕೈಯಲ್ಲೂ ಬಕೆಟ್.

“ಗೊತ್ತಾಯ್ತು ಬಿಡ್ರೀ” ಎಂದಳು, “ಯಾವ ಹಾಡು ಅಂತ ಗೊತ್ತಾಯ್ತು.” ಗಿಟಾರು ಅಟ್ಟದಿಂದ ಪಾರಾಯಿತು.

ಮರುದಿನ ನಿಜವಾದ ಗಾಡಿ ಹಾಡುತ್ತ ಬಂದು, ಗೇಟುಗಳ ಮುಂದೆ ನಿಂತು, ಹಾಡುತ್ತಲೇ ಹೋಯಿತು. ಒಬ್ಬರೂ ಹೊರಗೆ ಬರಲಿಲ್ಲ. ಶಾರದೆಯಂತೂ ಅಡುಗೆಮನೆಯಿಂದಲೇ “ಸಾಕು ನಿಲ್ಸ್ರೀ, ಗೆದ್ರಲ್ಲ” ಎಂದು ಗದರಿದಳು. ನಾನು ಸ್ನಾನದಲ್ಲಿದ್ದೆ. ಕಲೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರವಿಲ್ಲವೆಂದು ಮೈಗೆ ಸೋಪು ಹಚ್ಚಿಕೊಳ್ಳುತ್ತ ಸುಮ್ಮನೆ ಹಿಗ್ಗಿದೆ. ನಮ್ಮ ಮನೆಯ ಕಸವೂ ಉಳಿದುಹೋಯಿತೆಂಬುದು ಮೈ ಒರೆಸಿಕೊಳ್ಳುವಾಗ ಹೊಳೆಯಿತು.

ಇದನ್ನು ನಂಬದವರು ನಮ್ಮ ಬೀದಿಗೆ ಬಂದು ನಸೀಮಾ ಬೇಗಂ ಅವರನ್ನೇ ವಿಚಾರಿಸಬಹುದು. ನನ್ನ ಹೆಸರು ಹೇಳುವ ಮೊದಲು ಅವರ ಕೈಯಲ್ಲಿ ಬಕೆಟ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಕ್ಷೇಮ.