ಭಾವನ ಆಯ್ಕೆ ಯಂತ್ರ

ಚಪ್ಪಲಿ ಕೊಳ್ಳಲು ಹೋದರೆ, ಅಂಗಡಿಯವನು ಬಾಗಿಲು ಎಳೆಯುವವರೆಗೂ ಎಡಗಾಲಿಗೊಂದು ಬಗೆ, ಬಲಗಾಲಿಗೊಂದು ಬಗೆ ಮೆಟ್ಟಿ ನಿಂತಿರುವ ಮಹಾನುಭಾವ ನಮ್ಮ ಭಾವ. (ಅದು ಹೆಸರಲ್ಲ. ಹೆಂಡತಿಯ ತಮ್ಮನೂ ಇವರ ಆಫೀಸಿನಲ್ಲೇ ಸಾಫ್ಟ್‌ವೇರ್ ಬರೆಯುತ್ತಿದ್ದ. ಅವನು ಕರೆದಂತೆಯೇ ಎಲ್ಲರೂ ಕರೆದರು.) ಇಂಥವರಿಗೆ ಮ್ಯಾನೇಜರ್ ಹೇಳಿಬಿಟ್ಟರು: "ತಿಂಗಳ ಕೊನೆಯೊಳಗೆ ಸರ್ಟಿಫಿಕೇಟ್ ಪರೀಕ್ಷೆ ಪಾಸಾದವರಿಗೇ ಟೀಮ್ ಲೀಡರ್ ಕುರ್ಚಿ. ಯಾವ ಪರೀಕ್ಷೆ ಅನ್ನೋದು ನಿಮ್ಮಿಷ್ಟ."

ಆ ಕುರ್ಚಿಯ ಮೇಲೆ ಭಾವನಿಗೆ ಎಷ್ಟೋ ವರ್ಷಗಳಿಂದ ಕಣ್ಣು. ಓದಿಗೆ ಹೆದರುವ ಜೀವವೂ ಅಲ್ಲ. ಆದರೆ ಆ "ನಿಮ್ಮಿಷ್ಟ" ಅವರ ನಿದ್ದೆ ಕೆಡಿಸಿತು.

"ಏನೇ, ಕ್ಲೌಡ್ ಬರೀಲೋ, ಸೆಕ್ಯೂರಿಟಿ ಬರೀಲೋ, ಟೆಸ್ಟಿಂಗೋ?"

"ರೀ, ಯಾವುದೋ ಒಂದು ಬರೆದು ಸಾಯ್ರಿ! ನನ್ನ ಮದುವೆ ಆಗ್ತೀರಾ ಅಂತ್ಲೂ ಕೊನೆಗೆ ನಾನೇ ಕೇಳಬೇಕಾಯ್ತು."

"ಅವಸರವೇ ಅಪಘಾತಕ್ಕೆ ಕಾರಣ ಕಣೇ."

"ಹೌದು, ನಾನು ಅವಸರಪಟ್ಟೆ ನೋಡಿ, ಅದಕ್ಕೇ ಈ ಅಪಘಾತ."

ಭಾವ ಸೋಲಲಿಲ್ಲ. ಊಟದ ಮೇಜನ್ನು ಆಕ್ರಮಿಸಿ ಒಂದು ಪ್ರೋಗ್ರಾಮ್ ಬರೆಯಲು ಕೂತರು. ವಯಸ್ಸು, ಅನುಭವ, ಆಸಕ್ತಿ, ಓದಲು ಸಿಗುವ ಸಮಯ ಎಲ್ಲ ತುಂಬಿದರೆ ಯಾರಿಗೆ ಯಾವ ಪರೀಕ್ಷೆ ಯೋಗ್ಯವೆಂದು ಅಪ್ಪಣೆ ಕೊಡಿಸುವ ದಿವ್ಯಯಂತ್ರ! ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡತೊಡಗಿದರು.

ಯಂತ್ರ ಮೊದಲ ದಿನವೇ "ಕ್ಲೌಡ್" ಎಂದಿತು. ಇಷ್ಟು ಸಲೀಸಾಗಿ ಉತ್ತರ ಬಂದರೆ ಎಲ್ಲೋ ತಪ್ಪಿರಲೇಬೇಕು ಎಂದು ಭಾವ ಇನ್ನಷ್ಟು ಪ್ರಶ್ನೆ ಸೇರಿಸಿದರು. ಆಮೇಲೆ ಪಕ್ಕದ ಕೋಣೆಯಲ್ಲೇ ಬಿಡಾರ ಹೂಡಿದ್ದ ಬಾಮೈದನನ್ನು ಕರೆದರು. "ನಿನ್ನ ವಿವರ ಹಾಕಿ ನೋಡೋ, ಎಲ್ಲಿ ಎಡವುತ್ತೆ ಹೇಳು."

"ಸೆಕ್ಯೂರಿಟಿ ಅಂತ ಬಂತು, ಭಾವ."

"ನಂಬಬೇಡ! ಇನ್ನೂ ಪಕ್ಕಾ ಆಗಿಲ್ಲ."

"ಆಯ್ತು ಭಾವ," ಎಂದು ಅವನು ಕೋಣೆ ಸೇರಿದ. ಆಮೇಲೆ ಆಫೀಸಿಗೂ ಊಟಕ್ಕೂ ಬಿಟ್ಟರೆ ಹೊರಗೆ ತಲೆ ಹಾಕಲಿಲ್ಲ. ಸೋಮಾರಿ, ಮಲಗಿರುತ್ತಾನೆ ಎಂದುಕೊಂಡರು ಭಾವ.

ತಿಂಗಳ ಕೊನೆಯ ದಿನ ಯಂತ್ರ ಸಿದ್ಧವಾಯಿತು. ಭಾವ ಲ್ಯಾಪ್‌ಟಾಪನ್ನು ಎಳೆಗೂಸಿನಂತೆ ಎತ್ತಿಕೊಂಡು ಮ್ಯಾನೇಜರ್ ಕೋಣೆಗೆ ನುಗ್ಗಿದರು.

"ಸರ್, ನಿರ್ಧಾರ ಆಯ್ತು! ಕ್ಲೌಡೇ!"

"ಸಂತೋಷ. ಪರೀಕ್ಷೆ ಬರೆದಾಯ್ತಾ?"

ಭಾವ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು.

"ನಿಮ್ಮ ಪ್ರೋಗ್ರಾಮ್ ಮಾತ್ರ ಭೇಷ್ ಕಣ್ರೀ," ಎಂದರು ಮ್ಯಾನೇಜರ್. "ಅದು ಹೇಳಿದ ಪರೀಕ್ಷೇನೇ ಬರೆದು ನಿಮ್ಮ ಬಾಮೈದ ಪಾಸಾಗಿದ್ದಾರೆ. ನಾಳೆಯಿಂದ ಅವರೇ ನಿಮ್ಮ ಲೀಡರ್."

ಸಂಜೆ ಮನೆಯಲ್ಲಿ, ತಮ್ಮ ಲೀಡರ್ ಆದನೆಂದು ಅಕ್ಕನಿಗೆ ಹಿಡಿಸಲಾರದಷ್ಟು ಸಂಭ್ರಮ. ಭಾವ ಮುಖ ಊದಿಸಿಕೊಂಡು ಸೋಫಾದ ಮೂಲೆಗೆ ಒರಗಿದರು.

"ನನಗೆ ಮನಸ್ಸೇ ಸರಿಯಿಲ್ಲ. ನಾಳೆ ರಜೆ ಹಾಕ್ತೀನಿ."

ಬಾಮೈದ ಮೆಲ್ಲಗೆ ಕೆಮ್ಮಿದ. ಪಾಪ, ಅವನಿಗೂ ಸಂಕೋಚವೇ.

"ರಜೆ ಈಗ ನಾನೇ ಕೊಡಬೇಕಂತೆ ಭಾವ. ಒಂದು ನಿಮಿಷ ಇರಿ, ಅಕ್ಕನ್ನ ಕೇಳಿ ಹೇಳ್ತೀನಿ."