ಎಕ್ಸ್‌ರೇ ನಕ್ಷತ್ರಗಳು

ಎಲ್ಲ ಅವಾಂತರಕ್ಕೂ ಮೂಲ ಒಂದು ಕೆಂಪು ದಾರ.

ಮೂಳೆ ಡಾಕ್ಟ್ರಮ್ಮನ ಕ್ಲಿನಿಕ್ಕಿನ ಕಾಂಪೌಂಡರ್ ಮೊದಲಿನಿಂದಲೂ ಕಾಂಪೌಂಡರ್ ಆಗಿದ್ದವನಲ್ಲ. ಕಾಗದದ ಹೂ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಪ್ಲಾಸ್ಟಿಕ್ ಹೂ ಬಂದು ಅಂಗಡಿಗೆ ಬೀಗ ಬಿತ್ತು. ಗಾಯದ ಮೇಲೆ ಬರೆ ಎಂಬಂತೆ ಅದೇ ಸಮಯಕ್ಕೆ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಡಾಕ್ಟ್ರಮ್ಮ ಆ ತಾಯಿಯನ್ನು ಎದ್ದು ಓಡಾಡುವಂತೆ ಮಾಡಿದರು. ಅಷ್ಟಕ್ಕೇ ಬಿಡದೆ, ಪಟ್ಟಿ ಸುತ್ತುವಾಗ ಕೈಜೋಡಿಸಿದ ಮಗನ ಬೆರಳಿನ ಹದ ನೋಡಿ, "ನಾಳೆಯಿಂದ ಇಲ್ಲಿಗೇ ಬಂದುಬಿಡಪ್ಪ" ಎಂದರು.

"ಆ ಪುಣ್ಯಾತ್ಗಿತ್ತಿಗೆ ಬರೀ ಬಾಯಲ್ಲಿ ಥ್ಯಾಂಕ್ಸ್ ಅಂದ್ರೆ ಸಾಲದು ಕಣೋ. ಕೈಯಲ್ಲಿ ಕಲೆ ಇಟ್ಕೊಂಡು ಸುಮ್ನೆ ಕೂತಿದ್ದೀಯಲ್ಲ!" ಎಂದು ತಾಯಿ ಆಗಾಗ ಮಗನನ್ನು ತಿವಿಯುತ್ತಿದ್ದರು.

ಅಷ್ಟರಲ್ಲಿ ಚಳಿಗಾಲ ಶುರುವಾಯಿತು. ಮಂಡಿ, ಸೊಂಟ, ಭುಜ, ಕತ್ತು ಎಲ್ಲವೂ ಜನರಿಗೆ ಒಟ್ಟಿಗೆ ನೆನಪಾಗುವ ಕಾಲ. ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಗೋಡೆ ಬೂದು, ಬೆಂಚು ಬೂದು, ಅಲ್ಲಿ ಕೂತವರ ಮುಖವೂ ಬೂದು. ಈ ಕೋಣೆಗೊಂದು ಚಳಿಗಾಲದ ಅಲಂಕಾರ ಮಾಡಿದರೆ ಹೇಗೆ ಎಂದು ಕಾಂಪೌಂಡರನ ತಲೆಗೆ ಹೊಳೆಯಿತು. ಹೊಳೆಯುವುದಕ್ಕೂ ಡಾಕ್ಟ್ರಮ್ಮ ಸ್ಟೋರ್ ರೂಮಿನ ಬಾಗಿಲಲ್ಲಿ ನಿಂತು, "ಈ ಹಳೇ ಎಕ್ಸ್‌ರೇ ಫಿಲಂ ಎಲ್ಲ ಗುಜರಿಗೆ ಹಾಕಿಬಿಡು. ಆದ್ರೆ..." ಎನ್ನುವುದಕ್ಕೂ ಸರಿಹೋಯಿತು. ಆ 'ಆದ್ರೆ'ಯ ಮುಂದೆ ಅವರು ಇನ್ನೂ ಏನೋ ಹೇಳಿದರು. ಪಕ್ಕದಲ್ಲೇ ಯಾರದೋ ಕಾಲಿನ ಪ್ಲಾಸ್ಟರ್ ಕೊಯ್ಯುವ ಗರಗಸ ಗಿರ್ರೆನ್ನುತ್ತಿತ್ತು. ಕಾಂಪೌಂಡರ್ ಭಕ್ತಿಯಿಂದ ತಲೆಯಾಡಿಸಿದ.

ಫಿಲಂಗಳು ಗುಜರಿಯ ಬದಲು ಅವನ ಮನೆ ಸೇರಿದವು. ಬೆಳಕಿಗೆ ಹಿಡಿದರೆ ಏನು ಚಂದ! ಕಪ್ಪು ಆಕಾಶದಲ್ಲಿ ಬೆಳ್ಳಗೆ ಮೋಡ ತೇಲಿದ ಹಾಗೆ ಪಕ್ಕೆಲುಬು, ಬೆರಳು, ಬೆನ್ನುಮೂಳೆ. ಅವುಗಳನ್ನು ಐದು ಮೂಲೆಯ, ಆರು ಮೂಲೆಯ ನಕ್ಷತ್ರಗಳಾಗಿ ಕತ್ತರಿಸಿದ. ಬೀದಿಬದಿಯ ಹಳೇ ಬಟ್ಟೆಯ ರಾಶಿಯಲ್ಲಿ ಸಿಕ್ಕ ನೀಲಿ ಸ್ವೆಟರನ್ನು ತಾಯಿ ಬಿಚ್ಚಿ ಉಲ್ಲನ್ನಿನ ಕುಚ್ಚು ಕಟ್ಟಿಕೊಟ್ಟರು. ಅದೇ ರಾಶಿಯ ಕೋಟುಗಳಿಂದ ಕಿತ್ತ ಗುಂಡಿಗಳು ಮಣಿಗಳಾದವು. ಖಾಲಿ ಮಾತ್ರೆ ಪಟ್ಟಿಯ ಬೆಳ್ಳಿ ಹಾಳೆ ಎಲೆಗಳಾಯಿತು. ತೂಗುಹಾಕಲು ದಾರ ಹುಡುಕುತ್ತಿದ್ದಾಗ, ಒಂದು ಫಿಲಂ ಕಟ್ಟಿಗೆ ಬೇರೆಯಾಗಿ ಸುತ್ತಿದ್ದ ಗಟ್ಟಿಯಾದ ಕೆಂಪು ದಾರ ಕಣ್ಣಿಗೆ ಬಿತ್ತು. "ದೇವರೇ ಕೊಟ್ಟ ಹಾಗಾಯ್ತು" ಎಂದುಕೊಂಡು ಬಿಚ್ಚಿದ. ಆ ಕಟ್ಟಿನ ಫಿಲಂಗಳೂ ನಕ್ಷತ್ರಗಳಾದವು.

ಎಲ್ಲ ಸಿದ್ಧವಾದ ಮರುದಿನ ಬೆಳಿಗ್ಗೆ ಬೇಗ ಬಂದು ಕಿಟಕಿಗೆ, ಫ್ಯಾನಿಗೆ, ಬಾಗಿಲ ಚೌಕಟ್ಟಿಗೆ ನಕ್ಷತ್ರಗಳನ್ನು ಕಟ್ಟಿದ. ಬಿಸಿಲು ಬಿದ್ದದ್ದೇ ಕೋಣೆಯ ಬೂದುಬಣ್ಣವೆಲ್ಲ ಎಲ್ಲಿ ಹೋಯಿತೋ. ಡಾಕ್ಟ್ರಮ್ಮ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ಬರುವುದು ತಡವಾಗುತ್ತಿತ್ತು. ಮೊದಲು ಬಂದವರು ರೋಗಿಗಳು.

ರಿಟೈರಾದ ಹೆಡ್‌ಮಿಸ್ ಕತ್ತಿಗೆ ಪಟ್ಟಿ ಹಾಕಿಕೊಂಡಿದ್ದರಿಂದ, ಮೇಲೆ ನೋಡಲು ಇಡೀ ಮೈಯನ್ನೇ ಹಿಂದಕ್ಕೆ ವಾಲಿಸಿದರು. "ಭೇಷ್! ನೂರಕ್ಕೆ ತೊಂಬತ್ತು" ಎಂದರು. ಭುಜ ಹಿಡಿದುಕೊಂಡಿದ್ದ ಟೈಲರ್, "ಕತ್ತರಿ ಕೆಲಸ ಅಂದ್ರೆ ಇದು" ಎಂದು ಒಂದೇ ಕೈಯಲ್ಲಿ ತೊಡೆ ತಟ್ಟಿ ಮೆಚ್ಚಿದ. ತರಕಾರಿ ಮಾರುವ ಅಕ್ಕ ಸೊಂಟ ಹಿಡಿದುಕೊಂಡೇ, "ಮೈಯೊಳಗೆ ನೋವು ಕೊಡೋ ಎಲುಬು ಹಿಂಗೆ ಮಿಂಚ್ತವಲ್ಲಪ್ಪ!" ಎಂದಳು. ಕೊನೆಗೆ ಬ್ಯಾಂಡ್ ಮಾಸ್ಟರ್ ಬಂದರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ. ಕೆಟ್ಟ ಬಲಗಾಲನ್ನು ರೈಲ್ವೆ ಗೇಟಿನಂತೆ ಅಡ್ಡಲಾಗಿ ಚಾಚಿ ಕೂತರು. ಆ ಮಂಡಿಗೆ ಆಪರೇಷನ್ ಬೇಕೋ ಬೇಡವೋ ಎಂದು ಅವತ್ತು ತೀರ್ಮಾನವಾಗಬೇಕಿತ್ತು. ನಗಾರಿ ಬಡಿದು ಊರನ್ನೇ ಎಬ್ಬಿಸುತ್ತಿದ್ದ ಮನುಷ್ಯ ಹೆದರಿಕೆಯಿಂದ ಪಿಟ್ಟೆನ್ನದೆ ನಕ್ಷತ್ರ ನೋಡುತ್ತಿದ್ದರು.

ಅಷ್ಟರಲ್ಲಿ ಫೋನ್ ಬಂತು.

"ಬ್ಯಾಂಡ್ ಮಾಸ್ಟರ್ ಬಂದ್ರೇನಪ್ಪ?" ಡಾಕ್ಟ್ರಮ್ಮ ಕೇಳಿದರು. "ಅವರ ಮಂಡಿದು ಹಳೇ ಫಿಲಂ ತೆಗೆದಿಡು. ಹೊಸದ್ರ ಜೊತೆ ಹೋಲಿಸಿ ನೋಡಬೇಕು. ಗುಜರಿಗೆ ಹಾಕಬೇಡ ಅಂದಿದ್ನಲ್ಲ, ಕೆಂಪು ದಾರ ಕಟ್ಟಿದ ಕಟ್ಟು, ಅದ್ರಲ್ಲಿದೆ."

ಕಾಂಪೌಂಡರ್ ಫೋನ್ ಕಿವಿಯಿಂದ ತೆಗೆಯದೆ ಮೆಲ್ಲಗೆ ತಲೆಯೆತ್ತಿ ನೋಡಿದ. ಫ್ಯಾನಿನಿಂದ ಕಿಟಕಿಯವರೆಗೆ ಕೆಂಪು ದಾರ ಜೋಕಾಲಿಯಾಡುತ್ತಿತ್ತು.

"ಆಯ್ತು ಮೇಡಂ" ಎಂದ. ಏನು ಆಯ್ತು ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

ಧೂಳು ಒರೆಸುವ ನೆಪದಲ್ಲಿ ಸ್ಟೂಲು ಹತ್ತಿ ನಕ್ಷತ್ರಗಳನ್ನು ಒಂದೊಂದಾಗಿ ಇಳಿಸತೊಡಗಿದ. ಆದರೆ ಮೂವತ್ತು ವರ್ಷ ಮಕ್ಕಳ ಕಾಪಿ ಚೀಟಿ ಹಿಡಿದ ಕಣ್ಣು ಹೆಡ್‌ಮಿಸ್ಸರದು.

"ಯಾಕೋ ಇಳಿಸ್ತಿದ್ದೀಯ?"

"ಧೂಳು ಮಿಸ್."

"ಬೆಳಿಗ್ಗೆ ಕಟ್ಟಿದ್ದಕ್ಕೆ ಈಗ್ಲೇ ಧೂಳೇ? ನಿಜ ಹೇಳು."

ಎಲುಬಿಲ್ಲದ ನಾಲಗೆ ಎನ್ನುತ್ತಾರೆ. ಕಾಂಪೌಂಡರನ ನಾಲಗೆ ಮಾತ್ರ ಆ ಹೊತ್ತಿಗೆ ಪ್ಲಾಸ್ಟರ್ ಹಾಕಿದಂತೆ ಸೆಟೆದು ನಿಂತಿತು. ಕೊನೆಗೆ ಬಾಯಿಬಿಟ್ಟ. ಬ್ಯಾಂಡ್ ಮಾಸ್ಟರರ ಮೀಸೆ ಒಮ್ಮೆ ಅದುರಿತು.

"ಅಂದ್ರೆ... ನನ್ನ ಮಂಡಿ ಮೇಲ್ಗಡೆ ತೂಗಾಡ್ತಿದೆ ಅಂತೀಯ?"

"ಕ್ಷಮಿಸಿ ಸಾರ್. ಬೈರಿ, ಹೊಡೀರಿ, ಏನಾದ್ರೂ ಮಾಡಿ."

"ಹೊಡೆಯೋಕೆ ಎದ್ದು ಬರಬೇಕಲ್ಲ ಮಾರಾಯ" ಎಂದು ಬ್ಯಾಂಡ್ ಮಾಸ್ಟರ್ ದಯನೀಯವಾಗಿ ನುಡಿದರು.

ಹೆಡ್‌ಮಿಸ್ ತಕ್ಷಣ ಅಧಿಕಾರ ವಹಿಸಿಕೊಂಡರು. "ಅಳೋದು ಆಮೇಲೆ. ಮೊದಲು ಎಲ್ಲ ತುಂಡು ಇಳಿಸಿ. ಜೋಡಿಸಿದ್ರೆ ಮಂಡಿ ಸಿಕ್ಕೇ ಸಿಗುತ್ತೆ. ಟೈಲರ್, ನೀನು ಬಾ. ಬಟ್ಟೆ ತುಂಡು ಕೂಡಿಸೋನಿಗೆ ಮೂಳೆ ಯಾವ ಲೆಕ್ಕ?"

ಬೆಂಚಿನ ಮೇಲೆ ಎಲುಬುಗಳ ಸಂತೆ ನೆರೆಯಿತು. "ಇದು ಮಂಡಿಚಿಪ್ಪು" ಎಂದ ಟೈಲರ್. "ಥೂ, ಅದು ಹಿಮ್ಮಡಿ. ನನ್ನ ಹಿಮ್ಮಡೀನೂ ಹಿಂಗೇ ಇರೋದು" ಎಂದಳು ತರಕಾರಿ ಅಕ್ಕ. "ಇಬ್ಬರೂ ತಪ್ಪು" ಎಂದರು ಹೆಡ್‌ಮಿಸ್. ಸರಿಯಾದ ಉತ್ತರ ಮಾತ್ರ ಅವರೂ ಹೇಳಲಿಲ್ಲ. ಕಾಂಪೌಂಡರ್ ಅಂಟುಪಟ್ಟಿ ಹಿಡಿದುಕೊಂಡು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸುತ್ತಿದ್ದ.

"ಮಾದರಿ ಎದುರಿಗೇ ಕೂತಿರುವಾಗ ಊಹೆ ಯಾಕೆ? ಬ್ಯಾಂಡ್ ಮಾಸ್ಟ್ರೇ, ಪ್ಯಾಂಟ್ ಮಡಚಿ" ಎಂದರು ಹೆಡ್‌ಮಿಸ್.

"ಅಯ್ಯಯ್ಯೋ, ಇದು ಬಗ್ಗಲ್ಲ ಮಿಸ್. ವರ್ಷ ಆಯ್ತು ಬಗ್ಗಿಸಿ."

"ಪಾಠದ ಮಧ್ಯೆ ಮಾತಾಡಬಾರದು. ಬಗ್ಗಿಸಿ!"

ಆ ದನಿಗೆ ಬ್ಯಾಂಡ್ ಮಾಸ್ಟರರ ಮಂಡಿ ತಾನಾಗೇ ಒಂದಿಷ್ಟು ಬಗ್ಗಿತು. ಟೈಲರ್ ಅಳತೆ ಪಟ್ಟಿ ಹಿಡಿದ. "ಚಾಚಿ... ಬಗ್ಗಿಸಿ... ಇನ್ನೊಂಚೂರು... ಈಗ ನಿಂತ್ಕೊಳ್ಳಿ, ಪಕ್ಕದಿಂದ ನೋಡೋಣ." ಬ್ಯಾಂಡ್ ಮಾಸ್ಟರ್ ಮೊದಮೊದಲು ಪ್ರತಿ ಸಲಕ್ಕೂ ಒಂದು ಅಮ್ಮಾ, ಒಂದು ಅಯ್ಯೋ ಎನ್ನುತ್ತಿದ್ದರು. ಆಮೇಲೆ ತುಂಡುಗಳ ಜಗಳದಲ್ಲಿ ತಾವೂ ಸೇರಿಕೊಂಡು ನೋವನ್ನು ಮರೆತೇಬಿಟ್ಟರು. "ಅಲ್ರೀ, ನನ್ನ ಮಂಡಿ ನನಗೆ ಗೊತ್ತಿಲ್ವಾ? ಅದೋ, ಫ್ಯಾನಿನ ಆ ಕಡೆ ಇರೋದೇ ನಂದು!" ಎಂದು ಗರ್ಜಿಸಿದರು. ಬೆಳಿಗ್ಗೆ ಬೆಂಚಿನ ಮೇಲೆ ಸ್ಟೂಲಿಟ್ಟು ಅದನ್ನು ಕಟ್ಟಿದ್ದ ಕುಳ್ಳ ಕಾಂಪೌಂಡರನಿಗೆ ಈಗ ಎಟುಕಲಿಲ್ಲ. "ಇಳಿ ನೀನು, ನಿನ್ನ ಕೈಲಾಗಲ್ಲ" ಎಂದವರೇ ಬ್ಯಾಂಡ್ ಮಾಸ್ಟರ್ ಧಡಧಡನೆ ಸ್ಟೂಲು ಹತ್ತಿದರು.

ಬಾಗಿಲು ತೆರೆದು ಡಾಕ್ಟ್ರಮ್ಮ ಒಳಗೆ ಬಂದದ್ದು ಆಗಲೇ.

ಡಾಕ್ಟ್ರಮ್ಮ ಸ್ಟೂಲಿನ ಮೇಲಿದ್ದ ಮಂಡಿಯನ್ನೇ ನೋಡಿದರು.

"ಬ್ಯಾಂಡ್ ಮಾಸ್ಟ್ರೇ, ಕಾಲು ಬಗ್ಗಲ್ಲ ಅಂದಿದ್ರಲ್ಲ?"

ಬ್ಯಾಂಡ್ ಮಾಸ್ಟರ್ ಆಗ ತಮ್ಮ ಕಾಲಿನ ಕಡೆ ನೋಡಿಕೊಂಡರು. ಅದು ಯಾರದೋ ಕಾಲೆಂಬಂತೆ ಬೆಚ್ಚಿದರು. ಅವರನ್ನು ಕೆಳಗಿಳಿಸಲು ಇಡೀ ಕೋಣೆಯೇ ಕೈಜೋಡಿಸಿತು.

ಒಳಗೆ ಮಂಚದ ಮೇಲೆ ಮಲಗಿಸಿ ಡಾಕ್ಟ್ರಮ್ಮ ಮಂಡಿಯನ್ನು ಮಡಚಿದರು, ತಿರುಗಿಸಿದರು, ಹೊಸ ಫಿಲಂ ನೋಡಿದರು. "ಹೆದರಿಕೆಯಿಂದ ಬಗ್ಗಿಸೋದನ್ನೇ ಬಿಟ್ಟು ಕೀಲು ಬಿಗಿಸಿಕೊಂಡಿದ್ರಿ, ಅಷ್ಟೇ. ವ್ಯಾಯಾಮ ಮಾಡಿ ಅಂತ ನಾನು ಎಷ್ಟು ಬೇಡಿಕೊಂಡ್ರೂ ಕೇಳ್ಲಿಲ್ಲ. ಸದ್ಯಕ್ಕೆ ಆಪರೇಷನ್ ಬೇಡ. ದಿನಾ ಬಗ್ಗಿಸ್ತಾ ಇರಿ. ಸ್ಟೂಲು ಮಾತ್ರ ಹತ್ತಬೇಡಿ."

ಬ್ಯಾಂಡ್ ಮಾಸ್ಟರ್ ಹೊರಗೆ ಬಂದು ಕಾಂಪೌಂಡರನನ್ನು ನಗಾರಿಯಂತೆ ಎದೆಗೆ ಅಪ್ಪಿಕೊಂಡರು. ಅವನ ಕಾಲು ನೆಲ ಬಿಟ್ಟು ಮೇಲೆದ್ದಿತು. "ನೀನು ಕತ್ತರಿಸದಿದ್ರೆ ಡಾಕ್ಟ್ರು ನನ್ನನ್ನ ಕತ್ತರಿಸ್ತಿದ್ರು ಕಣೋ ತಮ್ಮಾ!" ಆ ದೊಡ್ಡ ಕಣ್ಣುಗಳಲ್ಲಿ ನೀರು ತುಂಬಿತ್ತು.

ಕಾಂಪೌಂಡರ್ ಜೋಡಿಸಿದ ಫಿಲಂ ಹಿಡಿದುಕೊಂಡು ಡಾಕ್ಟ್ರಮ್ಮನ ಮುಂದೆ ನಿಂತ. ನಡೆದದ್ದೆಲ್ಲ ಹೇಳಿ ತಲೆ ತಗ್ಗಿಸಿದ. ಅವರು ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಎರಡು ಹೆಬ್ಬೆರಳು, ಅರ್ಧ ಮೊಣಕೈ, ನಡುವೆ ಯಾರದೋ ಹಲ್ಲು. ಅಂಥ ಪ್ರಾಣಿ ಯಾವ ತಾಯಿಯ ಹೊಟ್ಟೆಯಲ್ಲೂ ಹುಟ್ಟಿರಲಿಕ್ಕಿಲ್ಲ. ಡಾಕ್ಟ್ರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ತಪ್ಪಂತೂ ತಪ್ಪೇ. ಇನ್ನುಮೇಲೆ ಕೇಳಿಸದಿದ್ರೆ ಇನ್ನೊಂದ್ಸಲ ಕೇಳು. ಅದಿರಲಿ, ಇದೆಲ್ಲ ಯಾಕೆ ಮಾಡಿದೆ?"

"ಅಮ್ಮನಿಗೆ ಕಾಲು ಕೊಟ್ರಿ, ನನಗೆ ಕೆಲಸ ಕೊಟ್ರಿ. ನನ್ನ ಹತ್ರ ಇನ್ನೇನಿದೆ ಮೇಡಂ? ನೀವು ಒಳಗೆ ಕಾಲಿಡೋವಾಗ ನೋಡ್ಲಿ ಅಂತ..."

ಡಾಕ್ಟ್ರಮ್ಮನ ನಗು ನಿಂತಿತು. ಬೋಳಾದ ಕಿಟಕಿಯನ್ನು ನೋಡಿದರು. "ಎಲ್ಲರೂ ನೋಡಿದ್ರಿ. ನಾನೊಬ್ಬಳೇ ನೋಡ್ಲಿಲ್ವಲ್ಲಪ್ಪ."

ಆ ಒಂದು ಮಾತು ಕಾಯುವ ಕೋಣೆಯಲ್ಲಿದ್ದವರ ಕರುಳು ಹಿಂಡಿತು. "ಮತ್ತೆ ಮಾಡು!" ಎಂದರು ಹೆಡ್‌ಮಿಸ್. "ಯಾವುದರಲ್ಲಿ ಮಿಸ್?" ಎಂದು ಇವನು ಕೇಳುವಷ್ಟರಲ್ಲಿ ಒಬ್ಬೊಬ್ಬರೂ, ತಾವು ಸಂಜೆ ಪಾಳಿಯಲ್ಲೇ ಡಾಕ್ಟ್ರಮ್ಮನಿಗೆ ತೋರಿಸಿಕೊಳ್ಳುವುದಾಗಿ ಹೇಳಿ ಮನೆಗೆ ಹೊರಟಿದ್ದರು. ಮಧ್ಯಾಹ್ನಕ್ಕೆ ಒಬ್ಬರ ಹಿಂದೊಬ್ಬರು ಫಿಲಂ ಹಿಡಿದು ಬಂದರು. ಅಟ್ಟದ ಮೇಲಿನವು, ಹಾಸಿಗೆ ಕೆಳಗಿನವು, ಬಿರುಕು ಬಿಟ್ಟ ಕಿಟಕಿಗೆ ಅಂಟಿಸಿದ್ದವು.

ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುವ ಸ್ಥಿತಿ ಕಾಂಪೌಂಡರನದು. ಕತ್ತರಿ ಹಿಡಿಯುವ ಮುನ್ನ ಒಬ್ಬೊಬ್ಬರನ್ನೂ ಕೇಳಿದ. "ಮಿಸ್, ನಿಜವಾಗ್ಲೂ ಇದು ಬೇಡ ತಾನೇ?"

"ಬೇಡ ಅಂದ್ರೆ ಬೇಡ. ನಾನು ಯಾವತ್ತಾದ್ರೂ ಸುಳ್ಳು ಹೇಳಿದ್ದೀನಾ? ನನ್ನ ಕತ್ತು ಮಾತ್ರ ಎತ್ತರದಲ್ಲಿ ಕಟ್ಟು."

ತರಕಾರಿ ಅಕ್ಕ ತನ್ನದರ ಜೊತೆಗೆ ಅತ್ತೆಯ ಸೊಂಟವನ್ನೂ ತಂದಿದ್ದಳು. "ಅವರದ್ದು ನನ್ನದ್ರ ಪಕ್ಕ ಬೇಡಪ್ಪ. ಅಲ್ಲೂ ಜಗಳ ಶುರುವಾದೀತು."

ಕತ್ತಲಾಗುವ ಹೊತ್ತಿಗೆ ಕೆಲಸ ಮುಗಿಯಿತು. ಈ ಸಲ ದಾರದ ಗೋಜಿಗೆ ಹೋಗದೆ ಬ್ಯಾಂಡೇಜ್ ಬಟ್ಟೆಯ ಪಟ್ಟಿಯಿಂದ ತೂಗುಹಾಕಿದ. ಬಲ್ಬು ಹೊತ್ತಿಸಿದೊಡನೆ ಬೆಳಿಗ್ಗೆಗಿಂತಲೂ ಸೊಗಸಾಗಿ ಕಾಣಿಸಿತು. ಒಳಗೆ ಬಂದ ಡಾಕ್ಟ್ರಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಕಾಂಪೌಂಡರನ ತಲೆಯ ಮೇಲೊಮ್ಮೆ ಕೈಯಿಟ್ಟು ಒಳಗೆ ಹೋದರು. ಅವನಿಗೆ ಅಷ್ಟು ಸಾಕಾಯಿತು. ಅವನ ಮನಸ್ಸು ಹತ್ತಿಯಷ್ಟು ಹಗುರಾಯಿತು.

ಮೊದಲು ಕರೆದದ್ದು ಹೆಡ್‌ಮಿಸ್ಸರನ್ನು. ಕಾಂಪೌಂಡರ್ ಬಾಗಿಲು ಹಿಡಿದು ನಿಂತಿದ್ದ.

"ನೋವು ಹಾಗೇ ಇದೆಯಲ್ಲ ಮಿಸ್. ಹಳೇ ಫಿಲಂ ತನ್ನಿ, ಹೋಲಿಸಿ ನೋಡೋಣ ಅಂತ ಹೋದ ಸಲ ಹೇಳಿದ್ನಲ್ಲ. ತಂದಿದ್ದೀರಾ?"

"ಮರೀತೀನಾ ಡಾಕ್ಟ್ರೇ? ತಂದಿದ್ದೀನಿ." ಹೆಡ್‌ಮಿಸ್ ಇಡೀ ಮೈಯನ್ನು ಬಾಗಿಲಿನತ್ತ ತಿರುಗಿಸಿ, ಬೆರಳು ಮೇಲೆತ್ತಿ ತೋರಿಸಿದರು. "ಅದೋ ಅಲ್ಲಿ, ಕಿಟಕಿ ಮೇಲಿರೋದು ಅರ್ಧ. ಇನ್ನರ್ಧ ಚೌಕಟ್ಟಿನ ಹತ್ರ ಇರ್ಬೇಕು."

ಕಾಂಪೌಂಡರನ ಕೈಯಿಂದ ಬಾಗಿಲು ಜಾರಿತು. "ಮಿಸ್! ನೀವೇ ಬೇಡ ಅಂದ್ರಲ್ಲ!"

"ನನಗೆ ಬೇಡ ಅಂದೆ ಕಣೋ. ಡಾಕ್ಟ್ರಿಗೆ ಬೇಡ ಅಂದ್ನಾ?"

ಹೊರಗಿನ ಬೆಂಚಿನಿಂದ ಟೈಲರ್ ಸಣ್ಣಗೆ ಕೆಮ್ಮಿದ. "ಡಾಕ್ಟ್ರೇ, ನನ್ನ ಭುಜದ್ದೂ ಕೇಳಿದ್ರಿ ನೀವು." ತರಕಾರಿ ಅಕ್ಕನೂ ಸೆರಗು ಸರಿಮಾಡಿಕೊಂಡು ಎದ್ದಳು. "ನಂದೂ ಮೇಲೇ ಐತೆ ಡಾಕ್ಟ್ರಮ್ಮ. ನಮ್ಮತ್ತೇದು ನೋಡಬೇಡಿ, ಅದು ಬಾಗಿಲ ಕಡೇದು."

ಕಾಂಪೌಂಡರ್ ಯಾರ ಮುಖವನ್ನೂ ನೋಡದೆ ಸ್ಟೂಲು ಎಳೆದುಕೊಂಡು ಬಂದ. ಮೇಲೆ ಕಾಲಿಡುವಷ್ಟರಲ್ಲಿ ಡಾಕ್ಟ್ರಮ್ಮ ಎದ್ದು ಬಂದು ಅವನ ತೋಳು ಹಿಡಿದರು.

"ಸ್ವಲ್ಪ ತಡಿಯಪ್ಪ" ಎಂದರು, ಮೇಲೆ ನೋಡುತ್ತಲೇ. "ನಾನಿನ್ನೂ ಪೂರ್ತಿ ನೋಡಿಲ್ಲ."